ಗ್ಯಾಸ್ ರಿಪೇರಿಯವರಿಗೆ ಪರೀಕ್ಷೆ ಇಡಿ, ಮೊದಲು ನಾನೇ ಕೂರುತ್ತೇನೆ

ಸಂಪಾದಕರಿಗೆ,

ಮಾನ್ಯರೇ,

ಚಳಿಗಾಲ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಇದ್ದೇ ಇರುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಒಳಗೆ ಬಿದ್ದಿದ್ದರು, ಗೀಸರಿನ ಅನಿಲ ಸೋರಿಕೆಯೇ ಕಾರಣವೆಂದು ಶಂಕಿಸಲಾಗಿದೆ. ಊರು ಬೇರೆ, ಹೆಸರು ಬೇರೆ, ಉಳಿದ ಸಾಲುಗಳು ಅವೇ. ಶಿವಮೊಗ್ಗದಲ್ಲಿ ಸ್ಟವ್, ಗೀಸರ್ ರಿಪೇರಿ ಮಾಡಿಕೊಂಡು ಬದುಕುತ್ತಿರುವ ನನಗೆ ಆ ‘ಸೋರಿಕೆ’ಯ ಬಗ್ಗೆಯೇ ತಕರಾರು. ಸೋರಿದ ಗ್ಯಾಸ್ ನಾರುತ್ತದೆ. ಎಲ್‌ಪಿಜಿಗೆ ತನ್ನದೇ ಆದ ವಾಸನೆ ಇಲ್ಲದಂತೆಯೇ ಇರುವುದರಿಂದ ಮರ್ಕ್ಯಾಪ್ಟನ್ ಎಂಬ ಗಬ್ಬುನಾತದ ರಾಸಾಯನಿಕವನ್ನು ಬೇಕೆಂದೇ ಬೆರೆಸಿ ಕಳಿಸುತ್ತಾರೆ. ಮೂಗಿರುವವರು ಎಚ್ಚೆತ್ತುಕೊಳ್ಳಲಿ ಎಂದೇ ಆ ಏರ್ಪಾಡು. ಬಚ್ಚಲಿನಲ್ಲಿ ಜನರನ್ನು ಕೊಲ್ಲುತ್ತಿರುವುದು ಬಹುಮಟ್ಟಿಗೆ ಸರಿಯಾಗಿ ಉರಿಯದ ಗ್ಯಾಸ್. ಸಾಕಷ್ಟು ಗಾಳಿ ಸಿಗದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಇನ್ನೂರು ಪಟ್ಟಿಗೂ ಮೀರಿದ ಬಿಗಿಯಿಂದ ಹೋಗಿ ಕೂತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು. ಏನೋ ಆಗುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿ ಕೈಯಲ್ಲಿ ಉಳಿದಿರುವುದಿಲ್ಲ.

ಸೋರಿಕೆ ಎಂದು ಬರೆದುಬಿಟ್ಟರೆ ತಪ್ಪು ಪೈಪಿನದೋ ಸಿಲಿಂಡರಿನದೋ ಆಗಿ ಮಾತು ಅಲ್ಲಿಗೇ ಮುಗಿಯುತ್ತದೆ. ಕಿಟಕಿಯಿಲ್ಲದ ಆ ಬಚ್ಚಲಿನ ಒಳಗೆ ಗೀಸರನ್ನು ತೂಗುಹಾಕಿ ಹೋದವರು ಯಾರು, ಹೊಗೆ ಹೋಗಲು ದಾರಿ ಇದೆಯೇ ಎಂದು ಅವರು ನೋಡಿದರೇ, ನೋಡಬೇಕೆಂದು ಅವರಿಗೆ ಯಾರಾದರೂ ಹೇಳಿಕೊಟ್ಟಿದ್ದರೇ ಎಂಬ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಮನೆಗೆ ಕರೆಂಟ್ ಬೇಕೆಂದರೆ ಪರವಾನಗಿ ಪಡೆದ ಗುತ್ತಿಗೆದಾರ ವೈರಿಂಗ್ ಮಾಡಿಸಿ, ಸಹಿ ಹಾಕಿದ ವರದಿ ಕೊಡದೆ ಮೆಸ್ಕಾಂ ಸಂಪರ್ಕ ಕೊಡುವುದಿಲ್ಲ. ವೈರ್‌ಮನ್ ಆಗುವವನಿಗೆ ಪರ್ಮಿಟ್ ಇದೆ, ಅದನ್ನೆಲ್ಲ ನೋಡಿಕೊಳ್ಳಲು ವಿದ್ಯುತ್ ಪರಿವೀಕ್ಷಣಾಲಯವೆಂಬ ಇಲಾಖೆಯೇ ಇದೆ. ಗ್ಯಾಸ್ ಒಲೆ, ಗೀಸರ್ ಮುಟ್ಟುವವನಿಗೆ ಒಂದು ಸ್ಪ್ಯಾನರ್ ಇದ್ದರೆ ಸಾಕು. ಅಂಗಡಿ ಇಟ್ಟಿದ್ದಕ್ಕೆ ನಗರಪಾಲಿಕೆಯವರು ನನ್ನಿಂದ ಟ್ರೇಡ್ ಲೈಸೆನ್ಸ್ ಕೇಳುತ್ತಾರೆ. ಕೆಲಸ ಬರುತ್ತದೆಯೇ ಎಂದು ಈವರೆಗೆ ಒಬ್ಬರೂ ಕೇಳಿಲ್ಲ.

ಮಲೆನಾಡಿನ ಮನೆಗಳಿಗೆ ಗ್ಯಾಸ್ ಗೀಸರ್ ಸುಮ್ಮನೆ ಬಂದದ್ದಲ್ಲ. ಮೊದಲು ಬಚ್ಚಲೊಲೆಯ ಮೇಲೆ ಹಂಡೆ ಇರುತ್ತಿತ್ತು, ಕೆಳಗೆ ಅಡಿಕೆ ಸಿಪ್ಪೆಯದೋ ಒಣಗಿದ ಮರದ ಕುಂಟೆಯದೋ ಬೆಂಕಿ ಇರುತ್ತಿತ್ತು. ಹೊಗೆ ಹೆಂಚಿನ ಸಂದಿಯಲ್ಲಿ ದಾರಿ ಹುಡುಕಿಕೊಳ್ಳುತ್ತಿತ್ತು. ಈಗ ತಾರಸಿ ಮನೆ, ಟೈಲ್ಸ್ ಹಾಕಿದ ಪುಟ್ಟ ಬಚ್ಚಲು. ಹೊಗೆಯ ಒಲೆ ಅಲ್ಲಿ ಆಗದು. ಕರೆಂಟ್ ಗೀಸರ್ ಇಡೋಣವೆಂದರೆ ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲ. ಆಗುಂಬೆ, ಹುಲಿಕಲ್, ಬಿದನೂರು ನಗರದ ಕಡೆ ಮರ ಬಿದ್ದು ಲೈನ್ ಹರಿದರೆ ದಿನಗಟ್ಟಲೆ ಕತ್ತಲೆ. ಗ್ಯಾಸ್ ಗೀಸರಿಗೆ ಕರೆಂಟ್ ಬೇಡ, ಎರಡು ಟಾರ್ಚ್ ಸೆಲ್ ಹಾಕಿದರೆ ಕಿಡಿ ಹಾರುತ್ತದೆ. ಅನುಕೂಲ ಇರುವುದು ಅಲ್ಲಿ, ಕೇಡು ಇರುವುದೂ ಅಲ್ಲೇ. ಕರೆಂಟ್ ಹೋದಾಗಲೂ ಗೀಸರ್ ಉರಿಯುತ್ತದೆ, ಎಕ್ಸಾಸ್ಟ್ ಫ್ಯಾನ್ ಮಾತ್ರ ತಿರುಗುವುದಿಲ್ಲ. ‘ಫ್ಯಾನ್ ಹಾಕಿಸಿದ್ದೇವಲ್ಲ’ ಎಂದು ನಿಶ್ಚಿಂತೆಯಿಂದ ಇರುವ ಮನೆಗಳಲ್ಲಿ ಈ ಮಾತು ಹೇಳಿದರೆ ಹುಬ್ಬೇರಿಸುತ್ತಾರೆ. ಇದರ ಮೇಲೆ ಇರಚಲು ಹೊಡೆಯುತ್ತದೆಂದು ವೆಂಟಿಲೇಟರಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿರುತ್ತಾರೆ. ಜೂನ್‌ನಲ್ಲಿ ಕಟ್ಟಿದ್ದನ್ನು ಶಿವರಾತ್ರಿಯವರೆಗೂ ಬಿಚ್ಚುವುದಿಲ್ಲ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಒಂದು ಕಿಲೋ ಆಸುಪಾಸು ಗ್ಯಾಸ್ ತಿನ್ನುತ್ತದೆ. ಒಂದು ಕಿಲೋ ಎಲ್‌ಪಿಜಿ ಚೆನ್ನಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿ ಏಳು ಘನ ಮೀಟರಿಗೂ ಕಡಿಮೆ. ಮಕ್ಕಳ ಸ್ನಾನ, ಹಿಂದೆಯೇ ದೊಡ್ಡವರ ಸ್ನಾನ ಎಂದು ಅರ್ಧ ಗಂಟೆ ಗೀಸರ್ ಉರಿದರೆ ಆ ಕೋಣೆಯ ಗಾಳಿಯ ಬಹುಭಾಗವನ್ನು ಅದೇ ಬೇಡುತ್ತದೆ. ಗಾಳಿ ಪೂರ್ತಿ ಮುಗಿಯುವ ತನಕ ಕಾಯಬೇಕಾಗಿಯೂ ಇಲ್ಲ. ಆಮ್ಲಜನಕ ನೂರಕ್ಕೆ 21ರಿಂದ ಕೆಳಗಿಳಿಯುತ್ತಿದ್ದಂತೆ ಜ್ವಾಲೆ ಕೆಡತೊಡಗುತ್ತದೆ, ವಿಷ ಹುಟ್ಟತೊಡಗುತ್ತದೆ. ಗೀಸರನ್ನು ಬಚ್ಚಲಿನ ಹೊರಗೋಡೆಯ ಮೇಲೆ ಕೂರಿಸಿ, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತನ್ನಿ ಎಂದು ಬಡಿದುಕೊಳ್ಳುವುದು ಇದಕ್ಕೇ. ಐದಾರು ಅಡಿ ಪೈಪ್ ಉಳಿಸಲು ಹೋಗಿ ಒಳಗೇ ತೂಗುಹಾಕುವ ಪ್ಲಂಬರನಿಗೆ ಈ ಲೆಕ್ಕ ಗೊತ್ತಿಲ್ಲ. ಗೊತ್ತಿರಬೇಕೆಂಬ ನಿಯಮವೂ ಅವನ ಮೇಲಿಲ್ಲ.

ಮೇಗರವಳ್ಳಿ ದಾರಿಯ ಒಂದು ಮನೆಗೆ ಕರೆದಿದ್ದರು. ಗೀಸರ್ ಉರಿಯುತ್ತದೆ, ಆದರೆ ಸ್ನಾನ ಮಾಡಿ ಬಂದವರಿಗೆಲ್ಲ ತಲೆನೋವು ಎಂಬುದು ಅವರ ದೂರು. ಅದಕ್ಕೂ ಮೊದಲು ಗೀಸರ್ ಪದೇ ಪದೇ ಆರುತ್ತಿತ್ತಂತೆ. ಪೇಟೆಯಿಂದ ಒಬ್ಬರು ಬಂದು ‘ಇನ್ನು ಆರುವುದಿಲ್ಲ’ ಎಂದು ರಿಪೇರಿ ಮಾಡಿ ಹೋಗಿದ್ದರು. ಮುಚ್ಚಳ ಬಿಚ್ಚಿದೆ. ಹೊಗೆದಾರಿ ಕಟ್ಟಿಕೊಂಡು ಒಳಗೆ ಬಿಸಿ ಮಿತಿಮೀರಿದರೆ ಗ್ಯಾಸನ್ನು ಮುಚ್ಚುವ ಸೆನ್ಸರ್ ಒಂದಿರುತ್ತದೆ, ಅದಕ್ಕೆ ಎರಡು ವೈರ್. ಆ ಎರಡನ್ನೂ ಸೆನ್ಸರಿನಿಂದ ಕಿತ್ತು, ಒಂದಕ್ಕೊಂದು ಹೊಸೆದು, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಸುತ್ತಿದ್ದು ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಹೊಗೆ ಹೊರಗೆ ಹೋಗುವ ತಗಡಿನ ಕೊಳವೆಯನ್ನು ಸೂರಿನ ಕೆಳಗಿನಿಂದ ಬಿಚ್ಚಿ ನೆಲಕ್ಕೆ ಕುಟ್ಟಿದರೆ ಹೆಂಟೆ ಹೆಂಟೆಯಾಗಿ ಕೆಮ್ಮಣ್ಣು ಉದುರಿತು. ಬೇಸಿಗೆಯಲ್ಲಿ ಗೀಸರ್ ಹಚ್ಚದೆ ಬಿಟ್ಟಿದ್ದಾಗ ಕುಂಬಾರ ಹುಳು ಅದರೊಳಗೆ ಗೂಡು ಕಟ್ಟಿಕೊಂಡಿತ್ತು. ಹುಳು ದಾರಿ ಮುಚ್ಚಿತು, ಸೆನ್ಸರ್ ತನ್ನ ಕೆಲಸ ತಾನು ಮಾಡಿ ಗ್ಯಾಸ್ ನಿಲ್ಲಿಸುತ್ತಿತ್ತು, ರಿಪೇರಿಗೆ ಬಂದ ಪುಣ್ಯಾತ್ಮ ಆ ಸೆನ್ಸರಿನ ಬಾಯಿಯನ್ನೇ ಕಟ್ಟಿ ಹೋಗಿದ್ದ. ನೀರು ಕಾಯಿಸುವ ತಾಮ್ರದ ರೆಕ್ಕೆಗಳ ನಡುವೆ ಮಸಿ ಗಟ್ಟಿಯಾಗಿ ಕೂತಿತ್ತು. ಅದನ್ನೆಲ್ಲ ತಿಕ್ಕಿ ತೆಗೆದು, ಬೇರೆ ಸೆನ್ಸರ್ ಹಾಕಿ, ಕೊಳವೆಯ ಬಾಯಿಗೆ ಜಾಲರಿ ಕೂರಿಸಿ, ವೆಂಟಿಲೇಟರಿನ ಪ್ಲಾಸ್ಟಿಕ್ ಬಿಚ್ಚಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಮನೆಯ ಯಜಮಾನರು ಹೇಳಿದ್ದು ಇಷ್ಟು: ‘ಅವರು ಹತ್ತೇ ನಿಮಿಷದಲ್ಲಿ ಮುಗಿಸಿದ್ದರಪ್ಪ, ನಿಮಗೆ ಮಧ್ಯಾಹ್ನವಾಯಿತು.’

ಗಿರಾಕಿಗೆ ಕಾಣುವುದು ಹೊತ್ತು ಮತ್ತು ದುಡ್ಡು. ಉರಿ ಬಂದರೆ ರಿಪೇರಿ ಆಯಿತು, ಬರದಿದ್ದರೆ ಆಗಲಿಲ್ಲ. ಹೀಗಾಗಿ ಕೆಟ್ಟ ಕೆಲಸಗಾರನಿಗೂ ಒಳ್ಳೆಯ ಕೆಲಸಗಾರನಿಗೂ ಇರುವ ವ್ಯತ್ಯಾಸ ಅವಘಡ ಆಗುವವರೆಗೆ ಹೊರಗಿನವರಿಗೆ ತಿಳಿಯುವುದೇ ಇಲ್ಲ.

ನಮ್ಮ ಕಸುಬು ಹುಟ್ಟಿದ್ದು ಸೀಮೆಎಣ್ಣೆಯಲ್ಲಿ. ನಾನು ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಕೂತು ಪಂಪ್ ಸ್ಟವ್, ಬತ್ತಿ ಸ್ಟವ್, ಮದುವೆ ಮನೆಗಳಿಂದ ಬರುವ ಪೆಟ್ರೋಮ್ಯಾಕ್ಸ್ ನೋಡಿ ನೋಡಿ ಕಲಿತವನು. ಪಂಪ್ ಸ್ಟವ್ ಕೆಟ್ಟಿತೆಂದರೆ ಮೊದಲ ಮದ್ದು ಪಿನ್. ನಿಪ್ಪಲ್ಲಿನಲ್ಲಿ ಕಿಟ್ಟ ಕಟ್ಟಿದೆ, ಪಿನ್ ಚುಚ್ಚು, ಪಂಪ್ ಹೊಡಿ, ಬರ್ರೆಂದು ಉರಿಯುತ್ತದೆ. ಅಲ್ಲಿ ಅದು ಸರಿಯಾದ ವಿದ್ಯೆಯೇ. ಸೀಮೆಎಣ್ಣೆ ಹೋಗಿ ಮನೆಮನೆಗೆ ಸಿಲಿಂಡರ್ ಬಂದಾಗ ಅಂಗಡಿಗಳು ಬೋರ್ಡ್ ಬದಲಾಯಿಸಿದವು, ಪಿನ್ ಹಾಗೆಯೇ ಉಳಿಯಿತು. ಗ್ಯಾಸ್ ಒಲೆಯಲ್ಲಿ ಗ್ಯಾಸ್ ಚಿಮ್ಮಿ ಬರುವ ಪುಟ್ಟ ಹಿತ್ತಾಳೆ ಮೂತಿಗೆ ಜೆಟ್ ಎನ್ನುತ್ತೇವೆ, ಅದರ ತೂತು ಅಳತೆ ನೋಡಿ ಕೊರೆದದ್ದು. ಅದಕ್ಕೆ ಉಕ್ಕಿನ ಪಿನ್ನೋ ಹೊಲಿಗೆ ಸೂಜಿಯೋ ಹಾಕಿ ತಿರುವಿದರೆ ಹಿತ್ತಾಳೆ ಸವೆದು ತೂತು ಹಿಗ್ಗುತ್ತದೆ. ತೂತಿನ ಅಡ್ಡಳತೆ ನೂರಕ್ಕೆ ಹತ್ತು ಹೆಚ್ಚಿದರೆ ಅದರ ವಿಸ್ತೀರ್ಣ ನೂರಕ್ಕೆ 21 ಹೆಚ್ಚುತ್ತದೆ, ಗ್ಯಾಸೂ ಸರಿಸುಮಾರು ಅಷ್ಟೇ ಹೆಚ್ಚು ನುಗ್ಗುತ್ತದೆ. ಜೊತೆಗೆ ಹೋಗಬೇಕಾದ ಗಾಳಿ ಅಷ್ಟು ಹೆಚ್ಚುವುದಿಲ್ಲ. ಉರಿಯ ತುದಿ ಹಳದಿಯಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ, ಸಿಲಿಂಡರ್ ವಾರ ಮೊದಲೇ ಖಾಲಿಯಾಗುತ್ತದೆ. ಆದರೂ ‘ಉರಿ ಜೋರಾಯಿತು’ ಎಂದು ಗಿರಾಕಿಗೆ ಸಂತೋಷ. ಜೆಟ್ಟನ್ನು ಕಳಚಿ, ದ್ರಾವಕದಲ್ಲಿ ನೆನೆಸಿ, ಗಾಳಿ ಊದಿ ಚೊಕ್ಕ ಮಾಡುವುದು, ಸವೆದಿದ್ದರೆ ಅದೇ ಅಳತೆಯದನ್ನು ತಂದು ಹಾಕುವುದು ಸರಿಯಾದ ಕ್ರಮ. ಆ ಅಳತೆ ಯಾವುದು ಎಂದು ನೋಡಲು ಬರುವ ರಿಪೇರಿಯವರು ನಮ್ಮಲ್ಲಿ ಎಷ್ಟು ಜನ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗೋಬರ್ ಗ್ಯಾಸ್ ಮನೆಗಳಲ್ಲಿ ಇದು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ನೂರಕ್ಕೆ 60ರ ಆಸುಪಾಸು, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಒತ್ತಡ ಕಡಿಮೆ, ಕಾವೂ ಕಡಿಮೆ. ಅದಕ್ಕೇ ಅದರ ಒಲೆಯ ಜೆಟ್ಟಿಗೆ ದೊಡ್ಡ ತೂತು ಬೇಕು. ಹಳೆಯ ಎಲ್‌ಪಿಜಿ ಒಲೆಯ ಜೆಟ್ಟನ್ನು ಡ್ರಿಲ್ ಹಾಕಿ ಕೊರೆದು ಗೋಬರ್ ಗ್ಯಾಸಿಗೆ ಒಗ್ಗಿಸಿ ಕೊಡುವುದು ನಮ್ಮಲ್ಲಿ ಮಾಮೂಲು. ಮಳೆಗಾಲದ ಥಂಡಿಗೆ ತೊಟ್ಟಿಯಲ್ಲಿ ಗ್ಯಾಸ್ ಹುಟ್ಟುವುದು ಕಡಿಮೆಯಾದಾಗ ಮನೆಯವರು ಅದೇ ಒಲೆಗೆ ಸಿಲಿಂಡರಿನ ಪೈಪ್ ಸಿಕ್ಕಿಸುತ್ತಾರೆ. ಆಮೇಲೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕೊರೆದು ಕೊಟ್ಟವನು ಒಲೆಯ ಮೇಲೆ ‘ಇದು ಗೋಬರ್ ಗ್ಯಾಸಿಗೆ ಮಾತ್ರ’ ಎಂದು ಪೇಂಟಿನಲ್ಲಿ ಬರೆದಿದ್ದರೂ ಸಾಕಿತ್ತು. ಬೆಂಗಳೂರು, ಮಂಗಳೂರಿನಂತೆ ನಾಳೆ ನಮ್ಮ ಬೀದಿಗೂ ಪೈಪಿನ ನೈಸರ್ಗಿಕ ಅನಿಲ ಬಂದರೆ ಎಲ್‌ಪಿಜಿ ಒಲೆಗಳ ಜೆಟ್ಟುಗಳನ್ನೆಲ್ಲ ಬದಲಾಯಿಸಬೇಕಾಗುತ್ತದೆ. ಆಗಲೂ ಕೆಲಸಕ್ಕೆ ಇಳಿಯುವುದು ಇದೇ ಕೈಗಳೇ.

ಸೋರಿಕೆಯ ವಿಷಯವೂ ಸಣ್ಣದೇನಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಅಡುಗೆಕಟ್ಟೆಯ ಕೆಳಗೆ, ಮೋರಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಹೊತ್ತಿಕೊಳ್ಳಬಲ್ಲದು. ಹೀಗಿದ್ದೂ ಬೆಂಕಿಕಡ್ಡಿ ಗೀರಿ ಲೀಕ್ ಹುಡುಕುವ ಮಹಾನುಭಾವರು ಇನ್ನೂ ಇದ್ದಾರೆ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವವರು ಸ್ವಲ್ಪ ಮೇಲು. ಆದರೆ ನೊರೆ ಹಚ್ಚುವುದು ಕಣ್ಣಿಗೆ ಕಾಣುವ ಜಾಗಕ್ಕೆ, ಒಲೆಯ ಹೊಟ್ಟೆಯೊಳಗೆ ಸವೆದ ಕಾಕ್, ಅಂದರೆ ನಾಬ್ ತಿರುಗಿಸಿದಾಗ ಗ್ಯಾಸ್ ಬಿಡುವ ಬಿರಡೆ, ಸೋರುತ್ತಿದ್ದರೆ ಅದು ಹೇಳುವುದಿಲ್ಲ. ಕಾಕಿಗೆ ಸೈಕಲ್ಲಿನ ಗ್ರೀಸ್ ಹಚ್ಚಿ ‘ಈಗ ನಯವಾಗಿ ತಿರುಗುತ್ತದೆ’ ಎಂದು ಕೊಡುವವರಿದ್ದಾರೆ. ಮಾಮೂಲು ಗ್ರೀಸನ್ನೂ ಮಾಮೂಲು ರಬ್ಬರನ್ನೂ ಎಲ್‌ಪಿಜಿ ತಿಂದುಹಾಕುತ್ತದೆ, ಕೆಲ ತಿಂಗಳಲ್ಲೇ ಅಲ್ಲಿ ಸಂದು ಬಿಡುತ್ತದೆ.

ಇದಕ್ಕೆ ಒಂದು ಉಪಕರಣ ಇದೆ. ದುಬಾರಿಯೇನಲ್ಲ, ನನ್ನದನ್ನು ನಾನೇ ಮಾಡಿಕೊಂಡಿದ್ದೇನೆ. ಎರಡೂವರೆ ಅಡಿಯ ಒಂದು ಹಲಗೆ, ಅದರ ಮೇಲೆ ಯು ಆಕಾರಕ್ಕೆ ಬಗ್ಗಿಸಿ ಬಿಗಿದ ಪಾರದರ್ಶಕ ಪ್ಲಾಸ್ಟಿಕ್ ಪೈಪ್, ನಡುವೆ ಶಾಲೆಯ ಅಳತೆಪಟ್ಟಿ. ಪೈಪಿನ ಅರ್ಧಕ್ಕೆ ನೀರು, ಕಣ್ಣಿಗೆ ಕಾಣಲೆಂದು ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಒಂದು ಹನಿ. ಮಾನೋಮೀಟರ್ ಎಂದರೆ ಇಷ್ಟೇ. ಒಂದು ತುದಿಯನ್ನು ಗ್ಯಾಸಿನ ದಾರಿಗೆ ಸೇರಿಸಿ ರೆಗ್ಯುಲೇಟರ್ ತೆರೆದರೆ ಒಂದು ಕಡೆಯ ನೀರು ಇಳಿಯುತ್ತದೆ, ಇನ್ನೊಂದು ಕಡೆಯದು ಏರುತ್ತದೆ. ಮನೆಯ ರೆಗ್ಯುಲೇಟರ್ ಕೊಡಬೇಕಾದ ಒತ್ತಡ ಒಂದು ಚದರ ಸೆಂಟಿಮೀಟರಿಗೆ 30 ಗ್ರಾಂ. ಎರಡು ಮಟ್ಟಗಳ ನಡುವೆ 30 ಸೆಂಟಿಮೀಟರ್ ಆಸುಪಾಸು ವ್ಯತ್ಯಾಸ ಬಂದರೆ ರೆಗ್ಯುಲೇಟರ್ ಸರಿಯಿದೆ. 45, 50 ತೋರಿಸಿದರೆ ಒಲೆ ಬಿಚ್ಚುವುದೇ ಬೇಡ, ರೆಗ್ಯುಲೇಟರ್ ಬದಲಾಯಿಸಬೇಕು. ಆಮೇಲೆ ಒಲೆಯ ನಾಬ್‌ಗಳನ್ನೆಲ್ಲ ಮುಚ್ಚಿ, ರೆಗ್ಯುಲೇಟರನ್ನೂ ಮುಚ್ಚಿ, ಸುಮ್ಮನೆ ನೋಡುತ್ತ ಕೂರಬೇಕು. ನೀರು ಇದ್ದಲ್ಲೇ ನಿಂತರೆ ರೆಗ್ಯುಲೇಟರಿನಿಂದ ಒಲೆಯವರೆಗೆ ಸೋರಿಕೆ ಇಲ್ಲ. ಮೆಲ್ಲಗೆ ಸಮಮಟ್ಟಕ್ಕೆ ಬರತೊಡಗಿದರೆ ಎಲ್ಲೋ ಸೋರುತ್ತಿದೆ, ಮೂಗಿಗೆ ಬಡಿಯಲಿ ಬಿಡಲಿ. ಊಹೆಗೆ, ಅನುಭವಕ್ಕೆ, ‘ನನ್ನ ಕೈಗುಣ’ ಎಂಬ ಬಡಾಯಿಗೆ ಅಲ್ಲಿ ಜಾಗವಿಲ್ಲ. ವಿನೋಬನಗರದ ಒಂದು ಮನೆಯಲ್ಲಿ ಇದನ್ನು ಜೋಡಿಸಿದಾಗ ಅಲ್ಲಿನ ಅಜ್ಜಿ ‘ಬಿ.ಪಿ. ನೋಡುವ ಹಾಗಿದೆಯಲ್ಲ’ ಎಂದರು. ಬೇರೆ ಅಂಗಡಿಗಳ ಗೆಳೆಯರ ಚೀಲಗಳಲ್ಲಿ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಟೆಫ್ಲಾನ್ ಟೇಪ್, ಪಿನ್ನು ಎಲ್ಲ ಇರುತ್ತವೆ. ಇದು ಇರುವುದನ್ನು ನಾನು ನೋಡಿಲ್ಲ.

ತರಬೇತಿ ಇಲ್ಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗ್ಯಾಸ್ ಏಜೆನ್ಸಿಗಳಲ್ಲಿ ಮೆಕ್ಯಾನಿಕ್‌ಗಳಿದ್ದಾರೆ, ತೈಲ ಕಂಪನಿಗಳು ಅವರಿಗೆ ತರಬೇತಿ ಕೊಡುತ್ತವೆ. ಅವರಲ್ಲಿ ಒಳ್ಳೆಯ ಕೆಲಸಗಾರರನ್ನು ನಾನು ಬಲ್ಲೆ. ಆದರೆ ಅವರ ಮುಖ್ಯ ಕೆಲಸ ಸಿಲಿಂಡರಿನ ವಾಲ್ವ್, ರೆಗ್ಯುಲೇಟರ್, ಟ್ಯೂಬ್, ಒಲೆ. ಗೀಸರ್ ಬಂದರೆ ಕೈಚೆಲ್ಲುತ್ತಾರೆ. 2016ರಲ್ಲಿ ಉಜ್ವಲ, ಅದರ ಬೆನ್ನಿಗೆ ರಾಜ್ಯದ ಅನಿಲಭಾಗ್ಯ ಬಂದ ಮೇಲೆ ಕಾಡಂಚಿನ ಒಂಟಿಮನೆಗೂ ಸಿಲಿಂಡರ್ ತಲುಪಿತು. ಒಳ್ಳೆಯದೇ ಆಯಿತು, ಹೆಂಗಸರ ಕಣ್ಣು, ಎದೆ ಉಳಿದವು. ಏಜೆನ್ಸಿಯ ಮೆಕ್ಯಾನಿಕ್ ಮಾತ್ರ ಪೇಟೆಯಲ್ಲೇ ಇದ್ದಾನೆ. ಸೋರಿಕೆಯ ದೂರಿಗೆ 1906 ಎಂಬ ಸಹಾಯವಾಣಿ ಹಗಲು ರಾತ್ರಿ ಇದೆ, ಎಲ್ಲರೂ ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ ಅದು. ಆದರೆ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಾದ ಮನೆಯವರು ಹತ್ತಿರದ ಪೇಟೆಯ ಯಾರೋ ಒಬ್ಬ ರಿಪೇರಿಯವನನ್ನೇ ಕರೆಯುತ್ತಾರೆ.

ಈ ಅಭಾವದಲ್ಲೇ ಇನ್ನೊಂದು ದಂಧೆ ಬೆಳೆದಿದೆ. ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು, ‘ಕಂಪನಿಯಿಂದ ಬಂದಿದ್ದೇವೆ, ಕಡ್ಡಾಯ ತಪಾಸಣೆ’ ಎಂದು ಮನೆಯಲ್ಲಿ ಹೆಂಗಸರು, ವಯಸ್ಸಾದವರು ಮಾತ್ರ ಇರುವ ಹೊತ್ತಿಗೆ ಬರುತ್ತಾರೆ. ಚೆನ್ನಾಗಿರುವ ಟ್ಯೂಬನ್ನು ಕಿತ್ತು ತಮ್ಮದನ್ನು ಹಾಕಿ ಬಾಯಿಗೆ ಬಂದಷ್ಟು ದುಡ್ಡು ಕೇಳುತ್ತಾರೆ. ಅವರು ಹಾಕಿ ಹೋದ ಟ್ಯೂಬ್‌ಗಳು ನನ್ನ ಅಂಗಡಿಗೆ ಬರುತ್ತವೆ. ಕೆಲವಕ್ಕೆ ಐಎಸ್‌ಐ ಗುರುತೂ ಇಲ್ಲ, ತಯಾರಾದ ವರ್ಷವೂ ಇಲ್ಲ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿಗೆ ಐದು ವರ್ಷ ಆಯಸ್ಸು, ತಾರೀಖು ಅದರ ಮೇಲೆಯೇ ಅಚ್ಚಾಗಿರುತ್ತದೆ, ಓದಿ ನೋಡಿದರೆ ಸಾಕು. ಮನೆಗೆ ಬಂದವರನ್ನು ಒಳಗೆ ಬಿಡುವ ಮೊದಲು ನಿಮ್ಮ ಏಜೆನ್ಸಿಗೆ ಫೋನ್ ಮಾಡಿ ಕೇಳಿ. ನಿಜವಾಗಿ ಅಲ್ಲಿಂದ ಬಂದವರಾದರೆ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಹೈಡ್ರೋಕಾರ್ಬನ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಎಂಬ ಸಂಸ್ಥೆ ಎಲ್‌ಪಿಜಿ ಮೆಕ್ಯಾನಿಕ್ ಕೆಲಸಕ್ಕೆ ಪಠ್ಯವನ್ನೂ ಮಾನದಂಡವನ್ನೂ ರೂಪಿಸಿದೆ. ಅಂದರೆ ಏನು ಕಲಿಸಬೇಕೆಂಬುದು ಕಾಗದದ ಮೇಲೆ ಇದೆ. ಅದನ್ನು ಕಲಿಯದವನು ಕೆಲಸ ಮಾಡಬಾರದು ಎಂದು ಹೇಳುವವರು ಇಲ್ಲ. ನಮ್ಮ ಕಡೆಯ ಐಟಿಐಯಲ್ಲಿ ವಿಚಾರಿಸಿದೆ. ಫಿಟ್ಟರ್ ಇದೆ, ಎಲೆಕ್ಟ್ರಿಷಿಯನ್ ಇದೆ, ವೆಲ್ಡರ್ ಇದೆ, ಗ್ಯಾಸ್ ಉಪಕರಣದ ರಿಪೇರಿ ಎಂದಾಗ ಮೇಷ್ಟರು ನನ್ನ ಮುಖ ನೋಡಿದರು. ಇನ್ನು ಶಿಬಿರಗಳು. ಅಂಥ ಒಂದಕ್ಕೆ ಹೋಗಿದ್ದೆ. ಬೆಳಿಗ್ಗೆ ಉದ್ಘಾಟನೆ, ಗಿಡಕ್ಕೆ ನೀರೆರೆಯುವುದು, ಪರದೆಯ ಮೇಲೆ ಚಿತ್ರ, ಮಧ್ಯಾಹ್ನ ಪಲಾವ್, ಸಂಜೆ ಪ್ರಮಾಣಪತ್ರ ಹಿಡಿದು ಫೋಟೋ. ಇಡೀ ದಿನದಲ್ಲಿ ಒಬ್ಬನ ಕೈಗೂ ಸ್ಪ್ಯಾನರ್ ಕೊಡಲಿಲ್ಲ. ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದವರಿದ್ದಾರೆ, ಗಿರಾಕಿಗಳು ಅದನ್ನು ನೋಡಿ ನಂಬುತ್ತಾರೆ. ನನ್ನದು ಕಪಾಟಿನಲ್ಲಿದೆ.

ನನ್ನ ಗಿರಾಕಿಯೊಬ್ಬರ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ರಜಕ್ಕೆ ಬಂದಾಗ ನಾನು ಅವರ ಮನೆಯ ಒಲೆ ಬಿಚ್ಚುವುದನ್ನು ನೋಡುತ್ತ ನಿಂತಿದ್ದವಳು, ಅಲ್ಲಿ ಹೇಗೆ ಎಂದು ಹೇಳಿದಳು. ಆಮೇಲೆ ಮೊಬೈಲಿನಲ್ಲಿ ಎಲ್ಲ ತೆಗೆದು ತೋರಿಸಿದಳು. ಅಲ್ಲಿ ದುಡ್ಡಿಗೆ ಗ್ಯಾಸ್ ಕೆಲಸ ಮಾಡುವವನ ಹೆಸರು ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ದಾಖಲೆಯಲ್ಲಿ ಇರಲೇಬೇಕು. ಇಲ್ಲದೆ ಮುಟ್ಟಿದರೆ ಅದು ಕಾನೂನಿನ ಪ್ರಕಾರ ಅಪರಾಧ. 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಎಂಬ ಬಹುಮಹಡಿ ಕಟ್ಟಡದಲ್ಲಿ ಒಂದು ಮನೆಯ ಗ್ಯಾಸ್ ಸ್ಫೋಟಿಸಿ ಕಟ್ಟಡದ ಒಂದು ಮೂಲೆಯೇ ಕುಸಿದ ಮೇಲೆ ನೋಂದಣಿಯ ವ್ಯವಸ್ಥೆ ಶುರುವಾಯಿತು. 1991ರಲ್ಲಿ ಅದು ಕಡ್ಡಾಯವಾಯಿತು, 2009ರಿಂದ ಈಗಿನ ಹೆಸರು. ನನಗೆ ಹಿಡಿಸಿದ್ದು ಅವರ ಕಾರ್ಡು. ಮುಂದೆ ಫೋಟೋ, ಸಂಖ್ಯೆ. ಹಿಂದೆ, ಆ ಮನುಷ್ಯ ಯಾವ ಯಾವ ಉಪಕರಣ ಮುಟ್ಟಲು ಅರ್ಹ ಎಂಬ ಪಟ್ಟಿ. ಒಲೆ ಗೊತ್ತಿದ್ದವನಿಗೆ ನೀರು ಕಾಯಿಸುವ ಯಂತ್ರವೂ ಗೊತ್ತು ಎಂದು ಅವರು ನಂಬಿ ಕೂರುವುದಿಲ್ಲ. ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಬಾಡಿಗೆಗೆ ಮನೆ ಕೊಟ್ಟವರು ತಮ್ಮ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ಇಂಥವರಿಂದ ತಪಾಸಣೆ ಮಾಡಿಸಬೇಕು. ನಮ್ಮ ಊರಿನ ಕಾಲೇಜುಗಳ ಸುತ್ತ ಒಂದೊಂದು ಮನೆಯನ್ನು ಆರೇಳು ಕೋಣೆ ಮಾಡಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಬಚ್ಚಲೊಳಗೇ ಗೀಸರ್. ಆ ಮಾಲೀಕರ ಮುಂದೆ ಈ ಮಾತು ಎತ್ತಿದರೆ ‘ನೀವು ಬೇರೆ ಕೆಲಸ ನೋಡಿ’ ಎನ್ನುತ್ತಾರೆ.

ಇಂಗ್ಲೆಂಡಿನದೆಲ್ಲ ಇಲ್ಲಿ ಆಗುತ್ತದೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಚಳಿ, ಅಲ್ಲಿನ ಕೂಲಿ, ಅಲ್ಲಿನ ಮನೆ ಬೇರೆ. ಇಲ್ಲಿ ವೈರ್‌ಮನ್‌ಗೆ ಇರುವಷ್ಟನ್ನಾದರೂ ನಮಗೂ ಮಾಡಿ ಎನ್ನುತ್ತೇನೆ. ಒಲೆಗೆ ಒಂದು ದರ್ಜೆ, ಗೀಸರಿಗೆ ಒಂದು ದರ್ಜೆ, ಹೋಟೆಲು, ಕಲ್ಯಾಣ ಮಂಟಪಗಳ 19 ಕಿಲೋ ಸಿಲಿಂಡರಿನ ಸಾಲುಗಳಿಗೆ ಮೇಲಿನ ದರ್ಜೆ. ಕಾರ್ಡಿನ ಮೇಲೆ ದರ್ಜೆ ಕನ್ನಡದಲ್ಲಿ ಬರೆದಿರಲಿ. ಗೀಸರ್ ಮಾರುವ ಅಂಗಡಿಯವರು ಬಿಲ್ಲಿನ ಜೊತೆ ಕೂರಿಸಿದವನ ಕಾರ್ಡ್ ಸಂಖ್ಯೆ ಬರೆದುಕೊಡಲಿ. ಅವಘಡ ಆದ ದಿನ ಪೊಲೀಸರಿಗೆ ಹುಡುಕಲು ಒಂದು ಹೆಸರಾದರೂ ಇರುತ್ತದೆ.

ನನ್ನ ಕಸುಬಿನವರೇ ಇದನ್ನು ಓದಿ ‘ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತೀಯಾ’ ಎಂದು ಬೈಯುತ್ತಾರೆ, ಗೊತ್ತು. ಅವರ ಭಯ ಸುಳ್ಳಲ್ಲ. ಪರೀಕ್ಷೆ ಎಂದರೆ ಶುಲ್ಕ, ಅರ್ಜಿ, ಮಧ್ಯವರ್ತಿ, ಕೊನೆಗೆ ದುಡ್ಡಿದ್ದವನ ಕೈಗೆ ಕಾರ್ಡು ಎಂಬುದನ್ನು ನಾವು ಬೇರೆ ಕಡೆ ನೋಡಿದ್ದೇವೆ. ಎಂಟನೇ ತರಗತಿಗೆ ಶಾಲೆ ಬಿಟ್ಟು ಮೂವತ್ತು ವರ್ಷ ಈ ಕೆಲಸ ಮಾಡಿದವನನ್ನು ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮುಂದೆ ಕೂರಿಸಿ ನಪಾಸು ಮಾಡಿದರೆ ಅದು ಅನ್ಯಾಯವೇ. ಆದ್ದರಿಂದ ಕಾರ್ಮಿಕ ಇಲಾಖೆಯಾಗಲಿ, ಕೌಶಲ ಅಭಿವೃದ್ಧಿ ಇಲಾಖೆಯಾಗಲಿ, ಜಿಲ್ಲಾಡಳಿತವಾಗಲಿ, ಯಾರು ಇದನ್ನು ಕೈಗೆತ್ತಿಕೊಂಡರೂ ಪರೀಕ್ಷೆ ಕೈಯದಾಗಿರಲಿ. ಮೇಜಿನ ಮೇಲೆ ಕೆಟ್ಟ ಒಲೆ ಒಂದು, ಕೆಟ್ಟ ಗೀಸರ್ ಒಂದು ಇಡಿ. ದೋಷ ಹುಡುಕಲಿ, ಸರಿಪಡಿಸಲಿ, ಮಾನೋಮೀಟರ್ ಜೋಡಿಸಿ ನೀರು ನಿಂತಿದೆಯೇ ತೋರಿಸಲಿ. ಬರೆಯಲು ಬಾರದವನನ್ನು ಕನ್ನಡದಲ್ಲಿ ಬಾಯಲ್ಲೇ ಪ್ರಶ್ನೆ ಕೇಳಿ: ಈ ಬಚ್ಚಲಿನಲ್ಲಿ ಗೀಸರ್ ಕೂರಿಸುತ್ತೀಯಾ, ಇಲ್ಲವಾದರೆ ಏಕೆ? ತೇರ್ಗಡೆಯಾಗದವನಿಗೆ ಕಲಿತು ಬರಲು ಆರು ತಿಂಗಳು ಕೊಡಿ, ಅಷ್ಟರವರೆಗೆ ತೇರ್ಗಡೆಯಾದವನ ಜೊತೆ ಕೆಲಸ ಮಾಡಲಿ. ಶುಲ್ಕ ನಮ್ಮ ಒಂದು ದಿನದ ಸಂಪಾದನೆಗಿಂತ ಹೆಚ್ಚಿರಬಾರದು. ಮತ್ತು ದಯವಿಟ್ಟು ಇದನ್ನು ಬೆಂಗಳೂರಿನಲ್ಲಿ ಇಡಬೇಡಿ, ಶಿವಮೊಗ್ಗದಲ್ಲಿ ಒಂದು, ಸಾಗರದಲ್ಲಿ ಒಂದು ಕೇಂದ್ರ ಮಾಡಿ. ನವರಾತ್ರಿ, ದೀಪಾವಳಿ ನಮಗೆ ಕೈತುಂಬ ಕೆಲಸವಿರುವ ದಿನಗಳು, ಆ ಎರಡು ತಿಂಗಳು ಬಿಟ್ಟು ದಿನಾಂಕ ಹೇಳಿ.

ಇತಿ,
ಸ್ಟವ್ ಮತ್ತು ಗೀಸರ್ ದುರಸ್ತಿ ಮಾಡುವವನು,
ಶಿವಮೊಗ್ಗ